ಮೇಲಿನ ಮಟ್ಟದಲ್ಲಿ ಕೂತು ಬರೆದದ್ದು

ಹಾನಗಲ್ಲಿನ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ ಮಡಿ ಉಡುತ್ತಿದ್ದಳು. ಒಮ್ಮೆ ಮಡಿಯಾದರೆ ದೇವರ ಕೆಲಸ, ಅಡಿಗೆ, ಬಡಿಸುವುದು ಯಾವುದಕ್ಕೂ ತಡೆಯಿಲ್ಲ. ಆ ರೂಢಿ ನನ್ನ ತಲೆಯಲ್ಲೂ ಹಾಗೆಯೇ ಕೂತುಬಿಟ್ಟಿತ್ತು. ಅದೇ ನನಗೆ ಮುಳುವಾಯಿತು.

ಎಂಬತ್ತರ ದಶಕದಲ್ಲಿ ನಾನು ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ, ಕಂಪ್ಯೂಟರಿಗೆ ಕಾವಲು ಕಟ್ಟುವ ಗುಂಪಿನಲ್ಲಿದ್ದೆ. ಅದರೊಳಗಿನ ಪ್ರತಿ ಕಡತಕ್ಕೂ ಒಂದು ಮಟ್ಟ: ಸಾಮಾನ್ಯ, ಗೋಪ್ಯ, ಅತಿಗೋಪ್ಯ. ಯಂತ್ರದಲ್ಲಿ ಯಾವ ಮಟ್ಟ ಆರಿಸಿಕೊಂಡು ಕೂತು ಬರೆಯುತ್ತೀರೋ ಕಡತಕ್ಕೂ ಅದೇ ಮಟ್ಟ. ಬರೆದವರೇ ಬೇಡಿಕೊಂಡರೂ ಅದು ಇಳಿಯದು. ಇಳಿಸುವ ಹಕ್ಕು ಭದ್ರತಾ ಅಧಿಕಾರಿಯೊಬ್ಬರಿಗೇ. ಈ ನಿಯಮ ಮಾಡಿದವಳೂ, ಅದನ್ನು ತಪಾಸಣೆ ಮಾಡುವ ಪ್ರೋಗ್ರಾಂ ಬರೆದವಳೂ ನಾನೇ.

ಕೆಲಸ ಮುಗಿದ ಮೇಲೆ ಅದೇ ಯಂತ್ರದಲ್ಲಿ ನನ್ನ ಪಿಎಚ್.ಡಿ. ಪ್ರಬಂಧ ಬರೆದುಕೊಳ್ಳಲು ಅನುಮತಿಯಿತ್ತು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಆದರೆ ನಾನು ಬೆಳಿಗ್ಗೆ ಬಂದವಳೇ ಅತಿಗೋಪ್ಯ ಮಟ್ಟಕ್ಕೆ ಏರಿ ಕೂತರೆ ಸಂಜೆಯವರೆಗೂ ಇಳಿಯುತ್ತಿರಲಿಲ್ಲ. ಮೇಲಿದ್ದರೆ ಎಲ್ಲಕ್ಕೂ ಸಲ್ಲುತ್ತೇನೆಂಬ ಮಡಿಯ ಬುದ್ಧಿ. ನನ್ನದೇ ಪ್ರಬಂಧ, ಕೇಳಿದರೆ ಇಳಿಸಿಕೊಡುತ್ತಾರೆ ಎಂಬ ಉಡಾಫೆ ಬೇರೆ. ಎರಡು ವರ್ಷ ಹೀಗೇ ಬರೆದೆ.

ಬರೆದು ಮುಗಿಸಿ, ಮಟ್ಟ ಇಳಿಸಿಕೊಡಿ ಎಂದು ಕೇಳಲು ಭದ್ರತಾ ಅಧಿಕಾರಿಯ ಬಳಿ ಹೋದೆ. ಸವಣೂರಿನವರು, ನಮ್ಮ ಕಡೆಯವರೇ ಎಂಬ ಧೈರ್ಯವಿತ್ತು.

“ಕೂಡ್ರಿ ಬಾಯಾರ. ಎರಡು ವರ್ಷ ಅತಿಗೋಪ್ಯ ಕಡತದ ಮಗ್ಗಲಾಗ ಕೂತು ಬರದೀರಿ. ಅದರಾಗಿಂದು ಇದರಾಗ ಏನೂ ಬಂದಿಲ್ಲಂತ ನಾ ಹೆಂಗ ಸಹಿ ಮಾಡ್ಲಿ?”

“ಇದು ನಾನ ಬರದದ್ದರಿ.”

“ನಿಯಮನೂ ನೀವ ಬರದದ್ದಲ್ಲೇನ್ರಿ?”

ಪ್ರಬಂಧ ಅಲ್ಲೇ ಉಳಿಯಿತು. ನೆನಪಿನಿಂದ ಮತ್ತೆ ಬರೆಯುವುದಿಲ್ಲವೆಂದು ಮುಚ್ಚಳಿಕೆಯನ್ನೂ ಬರೆಸಿಕೊಂಡರು. ಡಾಕ್ಟರೇಟು ಕೈತಪ್ಪಿತು. ಆ ಮನುಷ್ಯನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ರಜೆಗೆ ಹಾನಗಲ್ಲಿಗೆ ಬಂದೆ. ಸಂಸ್ಕೃತ ಪಂಡಿತರಾದ ಅಪ್ಪ ಮಗಳ ಪ್ರಬಂಧವನ್ನಿಡಲೆಂದು ಕಪಾಟಿನಲ್ಲಿ ಗ್ರಂಥಗಳನ್ನು ಸರಿಸಿ ಜಾಗ ಮಾಡಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಮರುಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

“ಬರದವರಿಗೂ ಕೊಡಂಗಿಲ್ಲ ಅಂದ್ರ ಭಾಳ ಚಲೋ ನಿಯಮ ಅದ. ಯಾರು ಮಾಡಿದ್ದು?”

“ನಾನ, ಅಪ್ಪಾ.”

ಶಾಲೆಯಲ್ಲಿ ಮೊದಲ ನಂಬರು ಬಂದಾಗಲೂ ತುಟಿ ಬಿಚ್ಚದಿದ್ದ ಅಪ್ಪ, ಅವತ್ತು ಅಡಿಗೆಮನೆಯಿಂದ ಅವ್ವನನ್ನು ಕರೆದು ನನ್ನನ್ನು ಹೊಗಳಿದರು.