ಹನುಮಪ್ಪ ಬಿಟ್ಟ ಹೀರೇಕಾಯಿ ಪಲ್ಯ

ದೇವರ ಕೋಣೆಯ ಬಾಗಿಲು ತೆರೆದ ನಮ್ಮತ್ತೆ ಅಲ್ಲೇ ಕೈ ಮುಗಿದು ನಿಂತುಬಿಟ್ಟರು. "ಬಾರೇ ಇಲ್ಲಿ, ಸ್ವಾಮಿ ಉಂಡಾನೆ ಕಣೇ!"

ಸೌಟು ಹಿಡಿದುಕೊಂಡೇ ಓಡಿದೆ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಶನಿವಾರ ಹನುಮಪ್ಪನಿಗೆ ಎಡೆ ಇಟ್ಟು, ಅವನು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಎಳೆದಿರುತ್ತೇವೆ. ಅನ್ನ, ಪಾಯಸ ಇಟ್ಟಂತೆಯೇ ಇದ್ದವು. ಹೀರೇಕಾಯಿ ಪಲ್ಯ ಮಾತ್ರ ಖಾಲಿ!

ಅಷ್ಟರಲ್ಲಿ ಮೂಲೆಯ ಶೇಂಗಾ ಚೀಲದ ಹಿಂದೆ ಅಡಗಿದ್ದ ನನ್ನ ಐದು ವರ್ಷದ ಮಗಳು ಈಚೆ ಬಂದಳು. ಬಾಯಿ ಸುತ್ತ ಪಲ್ಯದ ಎಣ್ಣೆ. ತಟ್ಟೆಯಲ್ಲಿ ಒಂದು ಹೋಳು ತರಕಾರಿ ಕಂಡರೂ ಎದ್ದು ಓಡುವ ಹುಡುಗಿ ಇವಳು. ರಕ್ತ ಕಡಿಮೆ ಇದೆ, ತರಕಾರಿ ತಿನ್ನಿಸಿ ಎಂದು ಡಾಕ್ಟರು ಹೇಳಿದಾಗಿನಿಂದ ನನಗೆ ಅದೇ ಚಿಂತೆ, ಅವಳಿಗೆ ದಿನಾ ಬೈಗುಳ.

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಏನೇ ಕಳ್ಳಿ, ದೇವ್ರ ಎಡೆಗೇ ಬಾಯಿ ಹಾಕ್ದ್ಯಾ?"

"ಇಲ್ಲಜ್ಜಿ, ಹನುಮಪ್ಪಾನೂ ಪಲ್ಯ ಹಂಗೇ ಬಿಟ್ಟಿದ್ದ. ಅವ್ವ ಬಂದ್ರೆ ಅವನಿಗೂ ಬೈತಾಳೆ ಅಂತ ನಾನೇ ತಿಂದು ಖಾಲಿ ಮಾಡ್ದೆ."

ಮಡಿ ಅಂದರೆ ಮಡಿ ಎನ್ನುವ ಅತ್ತೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕು ಹೊಸದಾಗಿ ಎಡೆ ಬಡಿಸಿದರು.

ಈಗ ಪೂಜೆ ಮುಗಿದ ಮೇಲೆ ಅವರೇ ಮೊಮ್ಮಗಳನ್ನು ಕರೆದು, "ಇವತ್ತೂ ಬಿಟ್ಟಾನೆ ನೋಡವ್ವ" ಅನ್ನುತ್ತಾರೆ. ಅವಳು ಬದನೆ, ಹಾಗಲ ಎನ್ನದೆ ತಿನ್ನುತ್ತಾಳೆ. ತರಕಾರಿ ಸೇರದವನೆಂಬ ಅಪವಾದವನ್ನು ನನ್ನ ಮಗುವಿಗಾಗಿ ಸ್ವಾಮಿ ಸುಮ್ಮನೆ ಹೊತ್ತುಕೊಂಡಿದ್ದಾನೆ.