ಗ್ರ್ಯಾಂಡ್ ಎಂದರೆ ಎಷ್ಟು?

ನೆದರ್‌ಲ್ಯಾಂಡ್ಸಿನ ಒಂದು ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಪಿಎಚ್‌ಡಿ ಅಡ್ಮಿಷನ್ ಎಲ್ಲಿದೆ ಎಂದು ಎರಡು ವಾರ ಹುಡುಕಿದೆ. ಕಡೆಗೆ ಅದು ಸಿಕ್ಕಿದ್ದು ಕೆಲಸ ಖಾಲಿ ಇರುವ ಪಟ್ಟಿಯಲ್ಲಿ. ಅಲ್ಲಿ ಸಂಶೋಧನೆ ಎಂದರೆ ಸಂಬಳದ ನೌಕರಿ. ಅರ್ಜಿಯ ಜೊತೆ ಮೇಲಧಿಕಾರಿಯ ಶಿಫಾರಸು ಪತ್ರ ಬೇಕು. ಐರ್ಲೆಂಡಿನ ಪಾರ್ಕ್‌ಮೋರ್‌ನಲ್ಲಿರುವ ನಮ್ಮ ಕಂಪನಿಯ ಮ್ಯಾನೇಜರ್ ಡೆಕ್ಲನ್, "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಎಂದ. ನನ್ನನ್ನು ನಾನೇ ಹೊಗಳಿಕೊಳ್ಳುವುದಿಲ್ಲ ಎಂದೆ. ಅವನೇ ಬರೆದು ಕಳಿಸಿದ.

ವಿಡಿಯೋ ಸಂದರ್ಶನದಲ್ಲಿ ಅಲ್ಲಿನ ಪ್ರೊಫೆಸರ್ ಆ ಪತ್ರ ನೋಡಿ ಹುಬ್ಬೇರಿಸಿದರು. "ನಿಮ್ಮ ಕೆಲಸ 'ಗ್ರ್ಯಾಂಡ್' ಅಂತ ಬರೆದಿದ್ದಾರೆ. ಅಷ್ಟು ಅದ್ಭುತವಾ?"

ನಲವತ್ತು ದಾಟಿದವನಿಗೆ ಇನ್ನೊಂದು ಅವಕಾಶ ಸಿಗುವುದು ಅನುಮಾನ. ಆದರೂ ತಪ್ಪು ಅರ್ಥವನ್ನು ತಿದ್ದದೆ ಬಿಡುವುದು ಸುಳ್ಳು ಹೇಳಿದ ಹಾಗೆಯೇ.

"ಇಲ್ಲ ಮೇಡಂ. ಐರ್ಲೆಂಡಿನಲ್ಲಿ ಗ್ರ್ಯಾಂಡ್ ಅಂದ್ರೆ ಪರವಾಗಿಲ್ಲ ಅಂತ. ಟೀ ಕುಡಿದರೂ ಅಂತಾರೆ, ಬಸ್ ತಪ್ಪಿದರೂ ಅಂತಾರೆ."

ಆಕೆ ನಗಲಿಲ್ಲ, ಏನೋ ಬರೆದುಕೊಂಡರು. ಪಕ್ಕದ ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಆಮೇಲೆ, "ಬಂದ್ರು ಸತ್ಯವಂತ್ರು! ಬಾಯಿ ಮುಚ್ಕೊಂಡಿರಕ್ಕೆ ಏನಾಗಿತ್ತು ನಿಮಗೆ?" ಎಂದಳು.

ಮುಂದಿನ ವಾರ ಕೆಲಸ ಕೊಟ್ಟಿರುವುದಾಗಿ ಇಮೇಲ್ ಬಂತು. ತನಗೆ ಅನುಕೂಲವಾಗುವ ತಪ್ಪನ್ನೂ ತಿದ್ದುವವರು ಸಂಶೋಧನೆಗೆ ಬೇಕು ಎಂದು ಪ್ರೊಫೆಸರ್ ಬರೆದಿದ್ದರು. ರಾಜೀನಾಮೆ ಹಿಡಿದು ಡೆಕ್ಲನ್ ಬಳಿ ಹೋದೆ. ಅವನು ಪೂರ್ತಿ ಓದಿ, ತಲೆ ಎತ್ತಿ, "ಗ್ರ್ಯಾಂಡ್" ಎಂದ.

ಏಳು ವರ್ಷ ಜೊತೆಗೆ ದುಡಿದವನು ಬಿಟ್ಟು ಹೋಗುತ್ತಿದ್ದಾನೆ ಎಂಬುದಕ್ಕೆ ಅವನು ಅಂದದ್ದು ಅಷ್ಟೇ. ಪರವಾಗಿಲ್ಲ.