ಮೆಣಸಿನ ಬೀಜಕ್ಕೆ ಅಂಟಿದ ಕೈ

ಬ್ಯಾಡಗಿಯ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುವ ಮೊದಲು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಾರೆ, ಖಾರ ಬೆರಳ ಸಂದಿಗಿಳಿದು ಸಂಜೆಯವರೆಗೂ ಉರಿಯದಿರಲೆಂದು. ಮದುವೆಯಾಗಿ ಬಂದ ಹೊಸತರಲ್ಲಿ, ಕಾನ್ವೆಂಟಿನಲ್ಲಿ ಕಲಿತ ನನಗೆ ಅತ್ತೆ ಹೇಳಿಕೊಟ್ಟ ಮೊದಲ ಪಾಠವೇ ಇದು. ಆ ಎಣ್ಣೆಗೈ ಒಂದು ದಿನ ವಿಜ್ಞಾನದ ದಾರಿಗೆ ಅಡ್ಡ ನಿಂತೀತೆಂದು ನಾನಾದರೂ ಹೇಗೆ ಎಣಿಸಲಿ, ನೀವೇ ಹೇಳಿ.

ನನ್ನ ನಾದಿನಿ ಸುಮಾ ಧಾರವಾಡದಲ್ಲಿ ಪ್ರೋಟೀನುಗಳ ಸಂಶೋಧಕಿ. ಆ ವರ್ಷ ಅವಳ ಬಾಯಲ್ಲಿ ಒಂದೇ ಜಪ: ಮಾಸ್ ಸ್ಪೆಕ್ಟ್ರೋಮೀಟರ್. ಪ್ರೋಟೀನನ್ನು ಚೂರುಮಾಡಿ ಕೊಟ್ಟರೆ ಒಂದೊಂದು ಚೂರನ್ನೂ ತೂಗಿ, ಆ ತೂಕದಿಂದಲೇ ಇದು ಇಂಥದ್ದೆಂದು ಗುರುತು ಹಿಡಿಯುವ ಯಂತ್ರ. ಬಂದರೆ ಅವಳೊಬ್ಬಳದಲ್ಲ; ಹಾವೇರಿಯ ಕಾಲೇಜಿನವರು, ರಾಣೇಬೆನ್ನೂರಿನ ಬೀಜದ ತಳಿ ಬೆಳೆಸುವವರು, ಎಲ್ಲರೂ ಸರದಿಯಂತೆ ಬಳಸುವಂಥದ್ದು. ಆದರೆ ಮಂಜೂರು ಮಾಡುವ ಸಮಿತಿಗೆ ಅನುಮಾನ. ಹಳೆಯ ಬಗೆಯದೇ ಸಾಲದೇ, ಇಷ್ಟು ಸೂಕ್ಷ್ಮದ್ದೇಕೆ? ಬೆಂಗಳೂರಿನಲ್ಲಿ ಒಂದೇ ಸ್ಯಾಂಪಲನ್ನು ಹಳೆಯದು, ಹೊಸದು ಎರಡರಲ್ಲೂ ಓಡಿಸಿ ತೋರಿಸಿ ಎಂದರು. ಹೆಚ್ಚುಗಾರಿಕೆ ಕಾಣದಿದ್ದರೆ ಸುಮಾಳ ವರ್ಷಗಳ ಓಡಾಟವೆಲ್ಲ ನೀರುಪಾಲು.

ಸ್ಯಾಂಪಲ್ ನಮ್ಮೂರ ಮೆಣಸಿನ ಬೀಜ, ಕಳಿಸುವವಳು ನಾನು. "ಸ್ವಚ್ಛ ಇರಲಿ ವೈನಿ" ಎಂದಿದ್ದಳು. ನನ್ನ ಉತ್ಸಾಹ ಕೇಳಬೇಕೆ! ಕೈಗೆ ಎಣ್ಣೆ ಹಚ್ಚಿ, ಕಾಯಿ ಸೀಳಿ, ಬೀಜ ಉದುರಿಸಿ, ಅಂಟಿದ ಸಿಪ್ಪೆ ಹೋಗಲೆಂದು ಅಂಗೈಗಳ ನಡುವೆ ತಿಕ್ಕಿ ತಿಕ್ಕಿ, ಹೊನ್ನಿನ ಹರಳಿನಂತೆ ಹೊಳೆಯಿಸಿ ಕೊರಿಯರಿಗೆ ಕೊಟ್ಟೆ.

ವಾರದ ಮೇಲೆ ಫೋನು ಬಂತು.

"ವೈನಿ, ಬೀಜಾ ಕೈಲೆ ತಿಕ್ಕೀರೇನು?"

"ಮತ್ತ ಕಾಲ್ಲೆ ತಿಕ್ಕಲೇನ?"

"ಅಯ್ಯ ನನ್ನ ಶಿವನ! ಹಳೇ ಮಷಿನ್ನಿನ್ಯಾಗ ಬರೇ ಮನಷ್ಯಾರ ತೊಗಲು ಕಾಣಾಕತ್ತೇತಿ. ಮೆಣಸಿನಕಾಯಿ ಸುದ್ದೀನ ಇಲ್ಲ!"

ಕಣ್ಣಿಗೆ ಕಾಣದ ಚರ್ಮದ ಹುಡಿ ಎಣ್ಣೆಯ ಜೊತೆ ಬೀಜಕ್ಕೆ ಅಂಟಿತ್ತಂತೆ. ಹೊಸ ಯಂತ್ರದ ಸರದಿ ಮರುದಿನವೇ. ಬೇರೆ ಬೀಜ ಕಳಿಸಲು ಹೊತ್ತಿಲ್ಲ. ಮಾಡಿದ ಎಡವಟ್ಟನ್ನು ಮನೆಯಲ್ಲಿ ಹೇಳಿಕೊಂಡು ಹಲುಬಿದೆ. ಅತ್ತೆ ಮಾತ್ರ, "ಹೋಗ್ಲಿ ಬಿಡವಾ, ಮಷಿನ್ನಿಗೂ ನಿನ್ನ ಕೈರುಚಿ ತಿಳೀತು" ಎಂದು ನಕ್ಕರು. ನಾನು ಲಟ್ಟಿಸಿದ ಚಪಾತಿಯಲ್ಲಿ, ಮಗಳಿಗೆ ಹೆಣೆದ ಜಡೆಯಲ್ಲಿ, ಮಡಚಿಟ್ಟ ಹಾಸಿಗೆಯ ಮಡಿಕೆಯಲ್ಲಿ ದಿನದಿನವೂ ನಾನು ಇಷ್ಟಿಷ್ಟೇ ಉದುರುತ್ತಾ ಬಂದಿದ್ದೇನೆ, ಯಾರೂ ನೋಡಿಲ್ಲ. ನೋಡಿದ ಮೊದಲ ಕಣ್ಣು ಒಂದು ಯಂತ್ರದ್ದಾಗಬೇಕೇ, ಅದೂ ಬೇಡದ ಹೊತ್ತಿನಲ್ಲಿ!

ಮೂರನೆಯ ದಿನ ಮತ್ತೆ ಫೋನು. ಸುಮಾಳ ದನಿ ಕುಣಿಯುತ್ತಿತ್ತು. ಹೊಸ ಯಂತ್ರ ನನ್ನ ಚರ್ಮವನ್ನು ಬೇರೆ ಎಣಿಸಿಟ್ಟು, ಅದರಡಿ ಹುದುಗಿದ್ದ ಮೆಣಸಿನ ಪ್ರೋಟೀನುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದಿತ್ತು.

"ಈ ತೊಗಲು ಯಾರದು ಅಂತ ಸಮಿತಿಯವರು ಕೇಳಿದ್ರು ವೈನಿ."

"ಏನಂದಿ?"

"ನಮ್ಮ ವೈನೀದ್ರಿ ಅಂದೆ! ಎಲ್ಲಾರೂ ನಕ್ಕರು. ಹೊಲದಿಂದ, ಮನಿಯಿಂದ ಬರೋ ಸ್ಯಾಂಪಲ್ ಹಿಂಗ ಇರ್ತಾವ್ರಿ, ಅದಕ್ಕ ಇಂಥಾದ್ದ ಬೇಕು ಅಂದೆ. ಮಂಜೂರಾತು ವೈನಿ, ಮಂಜೂರಾತು!"

ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು. ಸುಮಾ ಇನ್ನೂ ಮುಗಿಸಿರಲಿಲ್ಲ. ಸ್ಯಾಂಪಲ್ ತೆಗೆಯುವವರಿಗೆ ಮೊದಲು ಕಲಿಸಿ ಎಂಬುದು ಸಮಿತಿಯ ಷರತ್ತು. "ತಪ್ಪು ಮಾಡಿದಾಕೀನ ಚಲೋ ಕಲಿಸ್ತಾಳ. ನೀವ ಹೋಗ್ರಿ."

ಹೋದೆ. ರಾಣೇಬೆನ್ನೂರಿನ ಹೊಲವೊಂದರಲ್ಲಿ, ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಬೀಜ ಕಟ್ಟಿಸುವ ಹೆಂಗಸರ ನಡುವೆ ಕೈಗವಸು ಹಂಚುತ್ತಾ ನಿಂತೆ. ಒಬ್ಬಾಕೆ ಅದನ್ನು ಊದಿ ಪುಗ್ಗೆ ಮಾಡಿ ಎಲ್ಲರನ್ನೂ ನಗಿಸಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಅಕ್ಕಾರ, ನೀವು ಯಾವ ಆಫೀಸಿನವರ್ರಿ?"

ಇಷ್ಟು ವರ್ಷ ಇಂಥ ಪ್ರಶ್ನೆಗೆ 'ಮನ್ಯಾಗ ಇರ್ತೇನ್ರಿ' ಎಂದು ದನಿ ತಗ್ಗಿಸಿಯೇ ಹೇಳುತ್ತಿದ್ದವಳು, ಅಂದು ಸೆರಗು ಸಿಕ್ಕಿಸಿ ಹೇಳಿದೆ:

"ನಾ ಮಷಿನ್ನಿನಾಕಿ. ಎಲ್ಲಿ, ಕೈ ತೋರಿಸ್ರಿ ನೋಡೂಣು."